ಕಾಗೆಗಳ ತಲೆಗೆ ಕಟ್ಟಿದ ದಿನ

ಪಕ್ಕದ ಜಮೀನಿನ ಕ್ಲೆಮ್‌ನ ಗಾಡಿ ಗೇಟು ದಾಟಿ ಒಳಗೆ ಬರುವ ಹೊತ್ತಿಗೆ ನಾನು ಕೈ ತೊಳೆದಾಗಿತ್ತು. ಚಾಕುವನ್ನೂ ತೊಳೆದು, ಒರೆಸಿ, ಕೋಟಿನ ಜೇಬಿಗೆ ಹಾಕಿಕೊಂಡಿದ್ದೆ. ಚರ್ಮ ಸುಲಿದು ನೋಡಿದ್ದ ಕುರಿಮರಿಯನ್ನು ಗೋಣಿಚೀಲದಲ್ಲಿ ಸುತ್ತಿ, ಉಣ್ಣೆ ಕತ್ತರಿಸುವ ಶೆಡ್ಡಿನ ಹಿಂದೆ ಅಡಗಿಸಿದ್ದೆ. ಸುಲಿಯದ ಮರಿಗಳು ಮಾತ್ರ ಬೇಲಿಯ ಪಕ್ಕ ಬಿದ್ದಲ್ಲೇ ಇದ್ದವು. ಅವುಗಳ ಮೇಲೆ, ನಮ್ಮ ಕಡೆ ಚಳಿಗಾಲವಾದ ಆಗಸ್ಟ್ ತಿಂಗಳ ಹಿಮ ಉಪ್ಪು ಉದುರಿಸಿದ ಹಾಗೆ ಬಿದ್ದಿತ್ತು.

ನಮ್ಮ ಮೊನಾರೊ ಬಯಲಿನಲ್ಲಿ ಮರಿ ಸತ್ತರೆ ಕೊಂದವರು ಯಾರೆಂದು ಯಾರನ್ನೂ ಕೇಳಬೇಕಾಗಿಲ್ಲ. ಕುತ್ತಿಗೆಯಿಂದ ತೊಡೆಯವರೆಗೆ ಚರ್ಮ ಬಿಡಿಸಿದರೆ ಸಾಕು. ಸತ್ತದ್ದನ್ನು ಕಾಗೆ ಕುಕ್ಕಿದ್ದರೆ ಕಣ್ಣು, ನಾಲಿಗೆ ಹೋಗಿರುತ್ತವೆ, ಚರ್ಮದ ಕೆಳಗೆ ಮಾಂಸ ಮಾತ್ರ ಶುಭ್ರವಾಗಿರುತ್ತದೆ. ಜೀವವಿದ್ದಾಗ ಹಲ್ಲು ಊರಿದ್ದರೆ ಅಲ್ಲಿ ರಕ್ತ ಕಪ್ಪಾಗಿ ಹೆಪ್ಪುಗಟ್ಟಿರುತ್ತದೆ. ನರಿಯ ಹಲ್ಲಿನ ಗುರುತು ಇಕ್ಕಟ್ಟಾಗಿರುತ್ತದೆ, ನಾಯಿಯದು ಅಗಲ. ನಾನು ನೋಡಿದ್ದು ಅಗಲದ ಗುರುತನ್ನು. ಅದಕ್ಕೂ ಮುಂಚೆ, ಬೆಳಕು ಹರಿಯುವಾಗ, ಬೇಲಿ ಹಾರಿ ಕ್ಲೆಮ್‌ನ ಜಮೀನಿನ ಕಡೆ ಓಡಿದ ಕಂದು ನಾಯಿಯನ್ನೂ ನೋಡಿದ್ದೆ. ಬಾಲದ ತುದಿ ಬಿಳಿ. ಈ ಸುತ್ತಿನಲ್ಲಿ ಅಂಥ ಬಾಲ ಒಂದೇ ಒಂದು.

ಫೋನ್ ಮಾಡಿದ್ದು ಅದನ್ನು ಹೇಳಲಿಕ್ಕೇ. "ಕ್ಲೆಮ್, ನನ್ನ ಮರಿಗಳು ಸತ್ತಿವೆ" ಎಂದೆ. ಮುಂದಿನ ಮಾತು ಬಾಯಿಗೆ ಬರುವ ಮೊದಲೇ ಅವನು, "ಕಾಗೆ, ಕಾಗೆನೇ ಇರ್ಬೇಕು, ಈ ವರ್ಷ ಸಿಕ್ಕಾಪಟ್ಟೆ ಜಾಸ್ತಿಯಾಗಿವೆ. ಬಂದೆ ಇರು, ಬಂದೂಕು ತರ್ತೀನಿ" ಎಂದು ಫೋನ್ ಇಟ್ಟುಬಿಟ್ಟ. ನಾನು ಮತ್ತೆ ಮಾಡಲಿಲ್ಲ. ಮಾಡಬೇಕಿತ್ತು ಎಂದು ನೀವು ಹೇಳಬಹುದು. ಹೇಳುವವರು ಆ ಹೊತ್ತಿನಲ್ಲಿ ನನ್ನ ಅಡುಗೆಮನೆಯಲ್ಲಿ ನಿಂತಿರಬೇಕಿತ್ತು.

ಕುರಿಯ ರುಚಿ ಕಂಡ ನಾಯಿಗೆ ನಮ್ಮಲ್ಲಿ ಇನ್ನೊಂದು ರಾತ್ರಿಯ ಊಟವಿಲ್ಲ. ಸೂರ್ಯ ಮುಳುಗುವ ಮೊದಲು ಅದರ ಯಜಮಾನನೇ ಕರೆದುಕೊಂಡು ಹೋಗಿ ಗುಂಡು ಹಾಕಬೇಕು. ಮರಿ ಕಳೆದುಕೊಂಡವರು ಗೇಟಿನ ಹತ್ತಿರ ನಿಂತಿರಬೇಕು, ಒಳಗೆ ಬರಬಾರದು, ಏನೂ ಹೇಳಬಾರದು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಹಿಂದೊಮ್ಮೆ ನನ್ನ ನಾಯಿ ಬೆಸ್ ಹೀಗೇ ಮಾಡಿದಾಗ, ಮರಿ ಕಳೆದುಕೊಂಡವನು ಕ್ಲೆಮ್. ನನ್ನ ಜಗಲಿಗೆ ಬಂದು, ಹ್ಯಾಟು ತೆಗೆದು ಕೈಯಲ್ಲಿ ಹಿಡಿದುಕೊಂಡು, ಸುತ್ತಿ ಬಳಸದೆ ನೇರವಾಗಿ ಹೇಳಿದ. ಆ ಸಂಜೆ ಗೇಟಿನ ಹತ್ತಿರ ನಿಂತಿದ್ದ. ಕೆಲಸ ಮುಗಿಸಿ ಬಂದ ನಾನು, "ಅವಳು ಕೊನೇವರೆಗೂ ನನ್ನನ್ನೇ ನೋಡ್ತಿದ್ದಳು ಕಣೋ" ಎಂದೆ. ಅವನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟ. ನಮ್ಮ ಸ್ನೇಹ ಅವತ್ತು ಮುರಿಯಲಿಲ್ಲ. ಗಟ್ಟಿಯಾದದ್ದೇ ಅವತ್ತು.

ಗಾಡಿ ನಿಂತಿತು. ಕ್ಲೆಮ್ ಬಾಗಿಲು ತೆಗೆಯುವ ಮೊದಲೇ ಅವನ ಕಂದು ನಾಯಿ ಸ್ಪ್ಯಾನರ್ ಹಿಂದಿನಿಂದ ಕೆಳಗೆ ಹಾರಿ ಬಂದು ನನ್ನ ಮೊಣಕಾಲಿಗೆ ತಲೆ ಉಜ್ಜಿತು. ಮರಿಯಿದ್ದಾಗ ಶೆಡ್ಡಿನಿಂದ ಸ್ಪ್ಯಾನರ್ ಕದ್ದು ಹಾಸಿಗೆಯ ಕೆಳಗೆ ಅಡಗಿಸಿಟ್ಟಿದ್ದಕ್ಕೆ ಬಂದ ಹೆಸರು ಅದು. ಕುರಿ ಕಾಯುವ ಕೆಲ್ಪಿಗೂ ಯಾವುದೋ ಲ್ಯಾಬ್ರಡಾರ್‌ಗೂ ಹುಟ್ಟಿದ ನಾಯಿ. ಕಿವಿ ತುರಿಸಲು ಬಗ್ಗಿದೆ. ಮೂತಿಯಿಂದ ಪಾತ್ರೆ ತೊಳೆಯುವ ಸೋಪಿನ ನಿಂಬೆ ವಾಸನೆ ಘಂ ಎಂದಿತು.

ಹಿಮ ಬೀಳುವ ಬೆಳಗಿನಲ್ಲಿ ನಾಯಿಯ ಮುಖ ಸೋಪು ಹಾಕಿ ತೊಳೆಯುವವರು ಯಾರು? ತೊಳೆಯುವುದಕ್ಕೆ ಏನೋ ಇದ್ದವರು. ಹಾಗಾದರೆ ಇವನಿಗೂ ಗೊತ್ತು. ಸಿಟ್ಟು ಬಂತು. ನನ್ನ ಜಗಲಿಗೆ ಬಂದು ನೇರವಾಗಿ ಹೇಳಿದ್ದ ಮನುಷ್ಯ ಈಗ ನನ್ನೆದುರಿಗೇ ಕಾಗೆ ಹಾರಿಸಲು ಬಂದಿದ್ದಾನೆ.

"ಏನು ಮಾರಾಯ್ತಿ, ಮುಖ ಹಳಸಿದ ಹಾಲಿನ ಥರ ಮಾಡ್ಕೊಂಡು ನಿಂತಿದ್ದೀಯ" ಎಂದ ಕ್ಲೆಮ್, ಬೇಲಿಯ ಕಡೆ ತಿರುಗಿಯೂ ನೋಡದೆ.

"ಮರಿಗಳು ಅಲ್ಲಿವೆ. ಸುಲಿದು ನೋಡ್ತೀಯಾ?" ಎಂದೆ.

"ಸಂಜೆ ನೋಡೋಣ ಬಿಡು. ಬೆಳಿಗ್ಗೆ ಬೆಳಿಗ್ಗೆ ಕಾಗೆ ಹಸಿದಿರುತ್ತೆ, ಈಗ ಬಿಟ್ರೆ ಸಿಗಲ್ಲ."

ಅವನಿಗೆ ಎಪ್ಪತ್ತು ದಾಟಿದೆ. ಹೆಂಡತಿ ಹೋದ ಮೇಲೆ ಅವನ ಮನೆಯಲ್ಲಿ ಉಸಿರಾಡುವ ಇನ್ನೊಂದು ಜೀವ ಎಂದರೆ ಈ ನಾಯಿ. ಸಂಜೆ ನೋಡೋಣ ಎಂದರೆ ಏನೆಂದು ನನಗೆ ಅರ್ಥವಾಯಿತು. ಒಂದು ಹಗಲು ಕೇಳುತ್ತಿದ್ದಾನೆ. ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲ, ಅಷ್ಟೇ.

"ಸರಿ ನಡಿ" ಎಂದೆ. ಸಿಟ್ಟು ಹಾಗೇ ಉಳಿಯಿತು.

ಮರಿ ಹಾಕುತ್ತಿರುವ ಕುರಿಗಳ ಹತ್ತಿರ ಗುಂಡು ಹಾರಿಸುವ ಹಾಗಿಲ್ಲ. ಬೆದರಿ ಮರಿ ಬಿಟ್ಟು ಓಡುತ್ತವೆ. ಅದಕ್ಕೇ ಹಳ್ಳದ ಕಡೆ ಹೋದೆವು. ಅಲ್ಲಿ ಒಣಗಿ ನಿಂತ ನೀಲಗಿರಿ ಮರವೊಂದಿದೆ, ಕಾಗೆಗಳ ಚಾವಡಿ. ಮುರಿದ ಕೊಂಬೆಗಳಿಗೆ ಹಳೆಯ ಬಲೆ ಹೊದಿಸಿ ಮರೆ ಕಟ್ಟಿಕೊಂಡು ಕೂತೆವು. ನೆಲ ಒದ್ದೆ. ಹಿಮದ ಬೆಟ್ಟಗಳ ಕಡೆಯಿಂದ ಬರುವ ಗಾಳಿಗೆ ಕೋಟು ಎಂಬುದು ಲೆಕ್ಕಕ್ಕೇ ಇಲ್ಲ. ಸ್ಪ್ಯಾನರ್ ನಮ್ಮಿಬ್ಬರ ನಡುವೆ ತೂರಿ ಕೂತಿತು. ಅದರ ಮೈಯೊಂದೇ ಅಲ್ಲಿ ಬೆಚ್ಚಗಿದ್ದದ್ದು.

ಕ್ಲೆಮ್ ಜೇಬಿನಿಂದ ತಗಡಿನ ಸೀಟಿ ತೆಗೆದ. ಡಬ್ಬಿಯ ಮುಚ್ಚಳ ಮಡಚಿ, ನಡುವೆ ತೂತು ಕೊರೆದದ್ದು. ಹಲ್ಲಿನ ನಡುವೆ ಇಟ್ಟು ಉಸಿರೆಳೆದರೆ ಸಿಕ್ಕಿಬಿದ್ದ ಮೊಲದ ಹಾಗೆ ಕಿರುಚುತ್ತದೆ. ಸಾಯುವ ಪ್ರಾಣಿ ಎಂದುಕೊಂಡು ನರಿ ಬರುತ್ತದೆ, ಕಾಗೆಯೂ ಬರುತ್ತದೆ. ಅವನು ಎಳೆದ. ಪುಸ್ ಎಂದಿತು. ಇನ್ನೊಮ್ಮೆ ಎಳೆದ. ಹಲ್ಲಿನ ಸೆಟ್ಟು ಸಡಿಲವಾಗಿ ಸೀಟಿಯ ಜೊತೆಗೇ ಹೊರಗೆ ಬರುವುದರಲ್ಲಿತ್ತು.

"ಈ ಮೊಲ ಆಗಲೇ ಸತ್ತುಹೋಗಿದೆ ಅನ್ಸುತ್ತೆ" ಎಂದೆ.

"ತಗೋ, ನಿನ್ನ ಸ್ವಂತ ಹಲ್ಲಲ್ವಾ, ನೀನೇ ಎಳಿ. ಕಿರುಚೋದು ನಿನಗೇನು ಹೊಸದಾ?"

ನಾನು ಎಳೆದೆ. ತುಂಬ ಹೊತ್ತು ಏನೂ ಆಗಲಿಲ್ಲ. ಕಾಗೆಗಳು ಮರಕ್ಕೆ ಬಂದವು ನಿಜ, ಆದರೆ ಗುಂಡು ಎಲ್ಲಿಯವರೆಗೆ ತಲುಪುತ್ತದೆ ಎಂದು ಅಳೆದು ಇಟ್ಟವರ ಹಾಗೆ ಅದರಾಚೆಯ ಕೊಂಬೆಗಳಲ್ಲೇ ಕೂತು, ನಮ್ಮ ಮರೆಯನ್ನು ನೋಡುತ್ತ ತಮ್ಮತಮ್ಮಲ್ಲೇ ಮಾತಾಡಿಕೊಂಡವು. ನಮ್ಮ ಕಡೆಯ ಕಾಗೆಯ ಕೂಗು ಕೊನೆಯಲ್ಲಿ ಮಗು ಅಳುವ ಹಾಗೆ ಎಳೆಯುತ್ತದೆ. ಅದನ್ನು ಕೇಳುತ್ತ ಕೂತರೆ ಎಂಥವರಿಗೂ ಬೇಸರ ಬರುತ್ತದೆ. ಕ್ಲೆಮ್ ತಾಳಲಾರದೆ ಒಂದು ಗುಂಡು ಹಾರಿಸಿದ. ಸಿಕ್ಕಿದ್ದು ಒಂದು ಚೂರು ತೊಗಟೆ. ಕಾಗೆಗಳೆಲ್ಲ ಎದ್ದು ಹೋದವು.

"ಒಬ್ಬರು ಎದ್ದು ಹೋಗಬೇಕು. ಒಳಗೆ ಯಾರೂ ಇಲ್ಲ ಅಂದ್ಕೋತವೆ" ಎಂದ.

ಇದು ಹಳೆಯ ಉಪಾಯ. ಅವನು ನಾಯಿಯನ್ನೂ ಬಂದೂಕನ್ನೂ ನನ್ನ ಹತ್ತಿರ ಬಿಟ್ಟು ದಿಬ್ಬದಾಚೆಗೆ ನಡೆದುಹೋದ. ಕಾಗೆಗಳು ಅವನು ಹೋಗುವುದನ್ನು ನೋಡಿದವು. ಆಮೇಲೆ ನನ್ನ ಕಡೆ ನೋಡಿದವು. ಇಬ್ಬರು ಬಂದದ್ದು, ಒಬ್ಬ ಹೋದದ್ದು ಅವಕ್ಕೆ ಚೆನ್ನಾಗಿಯೇ ಗೊತ್ತಿತ್ತು. ಗಾಳಿಯಲ್ಲಿ ಅಷ್ಟು ದೂರ ನಡೆದು, ಮೂಗು ಸೋರಿಸಿಕೊಂಡು ಬಂದ ಕ್ಲೆಮ್, "ಬಂದ್ವಾ?" ಎಂದು ಕೇಳಿದ.

"ಬಂದಿದ್ವು. ನೀನು ಯಾವಾಗ ವಾಪಸ್ ಬರ್ತೀಯ ಅಂತ ವಿಚಾರಿಸಿ ಹೋದ್ವು."

ಅವನು ನಕ್ಕ. ಅವನು ನಗುವುದನ್ನು ನೋಡಲು ನನ್ನಿಂದ ಆಗಲಿಲ್ಲ. ಆಗಲೇ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಸ್ಪ್ಯಾನರ್ ಕಿವಿ ನಿಗುರಿಸಿತು. ಮೋಡದ ಕೆಳಗಿನಿಂದ ಒಂಟಿ ಕಾಗೆಯೊಂದು ನೇರ ನಮ್ಮ ಮೇಲೆ ಬರುತ್ತಿತ್ತು. ಬಂದೂಕು ಎತ್ತಿದೆ. ಬಂದೂಕಿನ ನಳಿಗೆ ಮೇಲಕ್ಕೆ ಹೋದದ್ದೇ ತಡ, ಸ್ಪ್ಯಾನರ್ ಕುಂಡೆ ಊರಿ ಕೂತು, ಮುಖವೆತ್ತಿ ಆಕಾಶವನ್ನೇ ನೋಡತೊಡಗಿತು. ಕ್ಲೆಮ್ ಹಾಗೆ ಕಲಿಸಿದ್ದ. ಕಾಗೆ ಎಲ್ಲಿ ಬೀಳುತ್ತದೆ ಎಂದು ಗುರುತು ಹಿಡಿಯಬೇಕಲ್ಲ. ಗುಂಡಿನ ಸದ್ದಿಗೆ ಅದು ಕದಲುವುದಿಲ್ಲ, ನಮ್ಮ ಕಡೆ ತಿರುಗುವುದಿಲ್ಲ. ಬಂದೂಕು ಎತ್ತಿದರೆ ಮೇಲಿನಿಂದ ಏನೋ ಬೀಳುತ್ತದೆ, ಅದರ ಪ್ರಪಂಚದಲ್ಲಿ ಇದರಷ್ಟು ಖಾತ್ರಿಯಾದದ್ದು ಬೇರೆ ಇಲ್ಲ.

ಕಾಗೆ ರೆಕ್ಕೆ ಮುರಿದು ಹಳ್ಳದಾಚೆ ಬಿತ್ತು. ಸ್ಪ್ಯಾನರ್ ಹೋಯಿತು. ಎದೆಮಟ್ಟದ ಕೊರೆಯುವ ನೀರಿನಲ್ಲಿ ದಾಟಿ, ಮುಳ್ಳಿನ ಪೊದೆಯಲ್ಲಿ ನುಗ್ಗಿ, ಮತ್ತೆ ನೀರಿಗಿಳಿದು, ಕಾಗೆಯನ್ನು ತಂದು ಕ್ಲೆಮ್‌ನ ಅಂಗೈಗೆ ಇಟ್ಟಿತು. ಕಾಗೆಗೆ ಇನ್ನೂ ಜೀವವಿತ್ತು. ಬಿಳಿಗಣ್ಣು ಬಿಟ್ಟುಕೊಂಡು ಕುಕ್ಕಲು ನೋಡಿತು. ನಾಯಿಯ ಮೂತಿಯನ್ನೂ ಕುಕ್ಕಿ ರಕ್ತ ತರಿಸಿತ್ತು. ಆದರೂ ನಾಯಿ ಕಚ್ಚಿರಲಿಲ್ಲ. ಒಂದು ಪುಕ್ಕ ಕೂಡ ಮುರಿದಿರಲಿಲ್ಲ.

ಕ್ಲೆಮ್ ಕಾಗೆಯ ಕುತ್ತಿಗೆ ತಿರುಚಿ ಪಕ್ಕಕ್ಕಿಟ್ಟ. ಆಮೇಲೆ ನಾಯಿಯ ದವಡೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿಸಿದ.

"ನೋಡು ಎನಿಡ್, ಈ ಬಾಯಿ ನೋಡು. ಮೊಟ್ಟೆ ಕೊಟ್ರೂ ಒಡೆಯದೆ ತರ್ತಾನೆ. ಇಂಥ ಬಾಯಿ..."

ಮಾತು ಅಲ್ಲಿಗೇ ನಿಂತಿತು. ನಾನು ಯಾರನ್ನೂ ದೂರಿರಲಿಲ್ಲ. ನಾಯಿಯ ಹೆಸರನ್ನೂ ಎತ್ತಿರಲಿಲ್ಲ. ಅವನಿಗೂ ಅದು ಹೊಳೆದಿರಬೇಕು. ಕೈ ಬಿಟ್ಟು, ಫ್ಲಾಸ್ಕಿನ ಮುಚ್ಚಳ ಹುಡುಕುವವನ ಹಾಗೆ ಚೀಲದೊಳಗೆ ತಲೆ ಹಾಕಿದ.

"ಒಳ್ಳೇ ಬಾಯಿ" ಎಂದೆ. ಅದು ಸುಳ್ಳಲ್ಲ. ಅದೇ ಬಾಯಿ ಬೆಳಗಿನ ಜಾವ ಬೇರೆ ಕೆಲಸ ಮಾಡಿತ್ತು, ಅದೂ ಸುಳ್ಳಲ್ಲ. ನಾಯಿಯೊಳಗೆ ಎರಡು ನಾಯಿ ಇರುತ್ತವೆ, ಒಂದಕ್ಕೆ ಇನ್ನೊಂದರ ಪರಿಚಯವೇ ಇರುವುದಿಲ್ಲ. ಬೆಸ್ ಕೂಡ ಹಾಗೇ ಇದ್ದಳು.

ಮಧ್ಯಾಹ್ನ ಆಲಿಕಲ್ಲಿನಂಥ ಮಳೆ ಬಂತು. ಬಲೆಯ ಕೆಳಗೆ ಮುದುಡಿ ಕೂತು, ತಣ್ಣಗಿನ ಕುರಿಮಾಂಸ, ಉಪ್ಪಿನಕಾಯಿ ಇಟ್ಟ ಬ್ರೆಡ್ಡು ತಿಂದೆವು. ಬ್ರೆಡ್ಡು ಒದ್ದೆಯಾಗಿ ಬೆರಳಿಗೆ ಅಂಟಿತು. ಕ್ಲೆಮ್ ತನ್ನ ಪಾಲಿನ ಮಾಂಸವನ್ನೆಲ್ಲ ಎಳೆದೆಳೆದು ಸ್ಪ್ಯಾನರ್‌ಗೆ ಕೊಟ್ಟ. ಬರೀ ಬ್ರೆಡ್ಡು ಅಗಿದ.

"ಟೌನಲ್ಲಿ ನನ್ನ ತಂಗಿ ಇದ್ದಾಳಲ್ಲ" ಎಂದ, ಎಲ್ಲೋ ನೋಡುತ್ತ.

"ಹೂಂ. ಎರಡನೇ ಮಹಡೀಲಿ."

"ಅವಳಿಗೂ ನಾಯಿ ಅಂದ್ರೆ ಇಷ್ಟ."

"ಅವಳಿಗೆ ಬೆಕ್ಕಿಷ್ಟ ಕ್ಲೆಮ್. ನಾಯಿ ಕಂಡ್ರೆ ಕುರ್ಚಿ ಹತ್ತುತ್ತಾಳೆ."

"ಸರಪಳಿ ಹಾಕಿ ಕಟ್ಟಿದ್ರೆ..." ಎಂದು ಶುರುಮಾಡಿ, ತಾನೇ ನಿಲ್ಲಿಸಿದ. ಅವನ ಗಾಡಿಯ ಹಿಂದುಗಡೆ ತುಂಡಾದ ಸರಪಳಿ ಬಿದ್ದಿದ್ದನ್ನು ನಾನು ಬೆಳಿಗ್ಗೆಯೇ ನೋಡಿದ್ದೆ. ಕಟ್ಟಿ ನೋಡಿದ್ದಾನೆ, ಆಗಿಲ್ಲ. ಒಮ್ಮೆ ಶುರುಮಾಡಿದ ನಾಯಿ ನಿಲ್ಲಿಸುವುದಿಲ್ಲ ಎಂದು ನನಗಿಂತ ಮೊದಲು ಹೇಳಿದವನೇ ಅವನು. ಇವತ್ತು ನನ್ನ ಮರಿ, ನಾಳೆ ದಿಬ್ಬದಾಚೆಯವರ ಮರಿ. ಅವರು ಫೋನ್ ಮಾಡುವವರಲ್ಲ. ಬೇಲಿಯ ಮೇಲೆ ಸತ್ತ ನಾಯಿಯನ್ನು ನೇತುಹಾಕಿ ಹೋಗುವವರು.

"ಯಾವುದರ ಬಗ್ಗೆ ಮಾತಾಡ್ತಿದ್ದೀಯ?" ಎಂದು ಕೇಳಿದೆ. ಕೇಳಬಾರದಿತ್ತು. ದಣಿದಿದ್ದೆ.

"ಏನಿಲ್ಲ ಬಿಡು. ಏಳು, ಆ ಕಡೆ ದಿಬ್ಬ ನೋಡೋಣ."

ಆ ಕಡೆಯ ದಿಬ್ಬಕ್ಕೆ ನಡೆದೆವು. ಕಾಗೆಗಳು ಈ ಕಡೆ ಬಂದವು. ಈ ಕಡೆ ಬಂದೆವು. ಅವು ಆ ಕಡೆ ಹೋದವು. ಬೂಟಿನೊಳಗೆ ನೀರು ಪಚಪಚ ಎನ್ನುತ್ತಿತ್ತು. ಮೊಣಕಾಲು ನನ್ನದಲ್ಲ ಎನ್ನುವ ಹಾಗಿತ್ತು. ಬಂದೂಕು ಗಂಟೆ ಗಂಟೆಗೂ ಭಾರವಾಗುತ್ತ ಹೋಯಿತು. ನೆತ್ತಿಯ ಮೇಲೆ ಬಂದ ಕಾಗೆಯನ್ನು ಕ್ಲೆಮ್ ತಪ್ಪಿಸಿಕೊಳ್ಳಲು ಬಿಟ್ಟ. ಆಮೇಲೆ ನಾನು ಬಿಟ್ಟೆ. ಬೈಯುವ ಶಕ್ತಿಯೂ ಇಬ್ಬರಿಗೂ ಉಳಿದಿರಲಿಲ್ಲ. ಇಷ್ಟು ಹೊತ್ತಿಗೆ ಯಾರಾದರೂ ಸಾಕು ಎನ್ನುತ್ತಿದ್ದರು. ಕ್ಲೆಮ್ ಎನ್ನಲಿಲ್ಲ. ಸಾಕು ಎಂದರೆ ಏನು ಬರುತ್ತದೆ ಎಂದು ಗೊತ್ತಿದ್ದದ್ದರಿಂದ ನಾನೂ ಎನ್ನಲಿಲ್ಲ. ಎರಡು ಮುದಿ ಜೀವಗಳು ಕೆಸರಿನಲ್ಲಿ ಕಾಲೆಳೆದುಕೊಂಡು, ಯಾವ ತಪ್ಪೂ ಮಾಡದ ಹಕ್ಕಿಗಳ ಹಿಂದೆ ಅಲೆದೆವು.

ಸ್ಪ್ಯಾನರ್ ಒಂದಕ್ಕೇ ದಣಿವಿರಲಿಲ್ಲ. ಮೈಯೆಲ್ಲ ಕೆಸರು, ಮೂತಿಯ ಮೇಲೆ ಗಾಯ. ಮುಂದೆ ಓಡುವುದು, ನಿಂತು ನಾವು ಬರುತ್ತಿದ್ದೇವೆಯೇ ಎಂದು ತಿರುಗಿ ನೋಡುವುದು, ಮತ್ತೆ ಓಡುವುದು. ಅದರ ಜೀವನದಲ್ಲಿ ಇಂಥ ದಿನ ಬಂದೇ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬೇಟೆ, ಮಧ್ಯಾಹ್ನ ಯಜಮಾನನ ಪಾಲಿನ ಮಾಂಸ, ಬಯ್ಯುವವರಿಲ್ಲ.

ಹೊತ್ತು ಇಳಿಯುವಾಗ ಗಾಡಿಗೆ ವಾಪಸಾದೆವು. ಇಡೀ ದಿನದ ಗಳಿಕೆ ಎಂದರೆ ಮೂರು ನಾಲ್ಕು ಕಾಗೆ. ಬೇಲಿಯ ಪಕ್ಕ ಸತ್ತ ಮರಿಗಳು ಹಾಗೇ ಬಿದ್ದಿದ್ದವು. ಅವುಗಳ ತಾಯಿಯೊಂದು ಇನ್ನೂ ಹತ್ತಿರವೇ ನಿಂತು ಕೂಗುತ್ತಿತ್ತು. ಕ್ಲೆಮ್ ಇವತ್ತು ಮೊದಲ ಸಲ ಅವುಗಳ ಕಡೆ ನೋಡಿದ. ಜೇಬಿಗೆ ಕೈ ಹಾಕಿ ಚಾಕು ತೆಗೆದ. ಬಿಡಿಸಲಿಲ್ಲ.

"ನೀನು ಸುಲಿದು ನೋಡಿದ್ದೀಯ" ಎಂದ.

"ಹೂಂ."

"ಯಾವಾಗ?"

"ನೀನು ಬರೋಕೆ ಮುಂಚೆ."

ಅವನು ತಲೆಯಾಡಿಸಿದ. "ಸೋಪಿನ ವಾಸನೆ ಬಂತಾ?"

"ಬೆಳಿಗ್ಗೆನೇ ಬಂತು. ಅಷ್ಟೊಂದು ಸೋಪು ಯಾರು ಹಾಕ್ತಾರೋ, ನಾಯಿಯೇನು ಬಾಣಲೆನಾ?"

ಅವನು ನಗಲು ಹೋದ, ಆಗಲಿಲ್ಲ. ಕಣ್ಣು ಒರೆಸಿಕೊಂಡ. "ಹೇಳೋಕೆ ಅಂತಲೇ ಹೊರಟಿದ್ದೆ ಎನಿಡ್. ನಿನ್ನ ಗೇಟಿನವರೆಗೂ ಹೇಳ್ಬೇಕು ಅಂತಲೇ ಇದ್ದೆ. ನಿನ್ನ ಹತ್ರ ಬಂದು ನಾನು ಅವತ್ತು... ಬೆಸ್ ವಿಷಯ ಹೇಳಿದೋನು ನಾನೇ. ನನಗೇ ನಾಲಿಗೆ ಏಳಲಿಲ್ಲ ನೋಡು."

ಬೆಳಗಿನಿಂದ ಹೊತ್ತುಕೊಂಡಿದ್ದ ಸಿಟ್ಟು ಅಲ್ಲಿಗೆ ಇಳಿದುಹೋಯಿತು. ಇಳಿದದ್ದರಿಂದ ಹಗುರವೇನೂ ಆಗಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು.

ಅವನು ಬಂದೂಕು ತೆಗೆದುಕೊಂಡ. ನಾಲಿಗೆಯಿಂದ ಸಣ್ಣ ಸದ್ದು ಮಾಡಿದ. ಸ್ಪ್ಯಾನರ್ ಎದ್ದು ಅವನ ಕಾಲಿನ ಪಕ್ಕ ನಡೆಯಿತು. ಇಬ್ಬರೂ ಕುರಿಗಳಿಗೆ ನೀರು ನಿಲ್ಲಿಸುವ ಕೆರೆಯ ಏರಿಯಾಚೆ ಇಳಿದರು. ನಾನು ಕೆರೆಯ ಕಡೆಯ ಗೇಟಿನ ಹತ್ತಿರ ಹೋಗಿ, ತಣ್ಣನೆಯ ಕಬ್ಬಿಣದ ಮೇಲೆ ಕೈಯಿಟ್ಟು ನಿಂತೆ. ಗುಂಡಿನ ಸದ್ದಿಗೆ ಕಾದೆ. ಸದ್ದಾದಾಗ ಬೆಚ್ಚಿಬೀಳಬಾರದು ಎಂದು ಹಲ್ಲು ಕಚ್ಚಿಕೊಂಡೇ ಕಾದೆ. ಹಿಂದೆ ಕೂಗುತ್ತಿದ್ದ ಕುರಿಯೂ ಸುಮ್ಮನಾಯಿತು. ಪಡುವಣದ ಬೆಳಕು ಕೆಂಪಾಗಿ, ಆಮೇಲೆ ಬೂದಿಯಾಗುತ್ತ ಬಂತು.

ಏರಿಯ ಮೇಲೆ ಮೊದಲು ಬಿಳಿ ತುದಿಯ ಬಾಲ ಕಾಣಿಸಿತು. ಆಮೇಲೆ ಕ್ಲೆಮ್‌ನ ಹ್ಯಾಟು. ನಾಯಿ ಓಡಿ ಬಂದು ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ನನ್ನ ಕೈ ನೆಕ್ಕಿತು. ಕ್ಲೆಮ್ ನಿಧಾನ ಬಂದ. ಅವನ ಕೈ ನಡುಗುತ್ತಿತ್ತು, ಗಲ್ಲ ನಡುಗುತ್ತಿತ್ತು, ಹಲ್ಲಿನ ಸೆಟ್ಟು ಬಾಯೊಳಗೆ ಕಟಕಟ ಎನ್ನುತ್ತಿತ್ತು.

"ಆಗಲ್ಲ" ಎಂದ. "ಈ ಕೈಯಲ್ಲಿ ಗುರಿ ತಪ್ಪುತ್ತೆ. ಅರ್ಧಂಬರ್ಧ ಆದ್ರೆ..."

ಬಂದೂಕನ್ನು ಗೇಟಿನ ಮೇಲಿಂದ ನನ್ನ ಕಡೆ ಚಾಚಿದ. ಹೀಗೆ ಯಾರೂ ಯಾರನ್ನೂ ಕೇಳಿದ್ದಿಲ್ಲ. ಮರಿ ಕಳೆದುಕೊಂಡವರ ಕೈಗೆ ಬಂದೂಕು ಕೊಡುವುದು ನಮ್ಮಲ್ಲಿ ಇಲ್ಲ. ಕೊಟ್ಟವನು ಅವರನ್ನು ಜೀವಮಾನವಿಡೀ ಕ್ಷಮಿಸಲಾರ ಎಂಬ ಕಾರಣಕ್ಕೇ ಇಲ್ಲ.

"ಕ್ಲೆಮ್, ಬೇಕಾದ್ರೆ ನಾಳೆ..."

"ನಾಳೆ ಅಂದ್ರೆ ನಾನು ಇವನನ್ನ ಕರ್ಕೊಂಡು ಎಲ್ಲಿಗಾದ್ರೂ ಓಡಿಹೋಗ್ತೀನಿ. ತಗೋ."

ತೆಗೆದುಕೊಂಡೆ. ಗೇಟು ತೆರೆದು ಒಳಗೆ ಹೋದೆ. ಅವನು ಹೊರಗೆ ಬಂದು ನಾನು ನಿಂತಿದ್ದ ಜಾಗದಲ್ಲಿ ನಿಂತ.

ನನ್ನ ಕೈಯಲ್ಲಿ ಬಂದೂಕು ಕಂಡದ್ದೇ ಸ್ಪ್ಯಾನರ್ ಸಂತೋಷದಿಂದ ಮುಂದೆ ಓಡಿತು. ಇನ್ನೂ ಒಂದು ಕಾಗೆ ಬಾಕಿಯಿದೆ ಎಂದುಕೊಂಡಿರಬೇಕು. ಏರಿಯಾಚೆ ಇಳಿದೆವು. ಅಲ್ಲಿ ಹುಲ್ಲು ಮೆತ್ತಗಿತ್ತು. ನಾಯಿ ಸುತ್ತ ಒಂದು ಸಲ ಮೂಸಿ, ನನ್ನ ಮುಂದೆ ಬಂದು ನಿಂತು, ಬಾಯಿ ತೆರೆದು ಏದುಸಿರು ಬಿಡುತ್ತ ನನ್ನನ್ನೇ ನೋಡಿತು. ಬೆಸ್ ನೋಡಿದ ಹಾಗೆಯೇ. ಇನ್ನೊಂದು ಸಲ ಆ ನೋಟ ಹೊತ್ತುಕೊಂಡು ಬದುಕಲು ನನ್ನಿಂದ ಆಗುವುದಿಲ್ಲ, ವಾಪಸ್ ಹೋಗಿ ನನ್ನಿಂದಲೂ ಆಗಲ್ಲ ಎಂದುಬಿಡೋಣ ಎನ್ನಿಸಿತು.

ಬಂದೂಕು ಎತ್ತಿದೆ.

ಸ್ಪ್ಯಾನರ್ ಕುಂಡೆ ಊರಿ ಕೂತಿತು. ನನ್ನಿಂದ ಕಣ್ಣು ತೆಗೆದು, ಮುಖವೆತ್ತಿ, ಆಕಾಶ ನೋಡಿತು. ಅಲ್ಲಿ ಏನೂ ಇರಲಿಲ್ಲ. ಅದು ಹುಡುಕುತ್ತಿತ್ತು. ಕಿವಿ ಮುಂದಕ್ಕೆ, ಬಾಲದ ತುದಿ ಹುಲ್ಲಿನ ಮೇಲೆ ಮೆಲ್ಲಗೆ ಬಡಿಯುತ್ತ.

ಗೇಟಿಗೆ ವಾಪಸ್ ಬಂದಾಗ ಕ್ಲೆಮ್ ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಬಗ್ಗಿಸಿ ಹಿಡಿದುಕೊಂಡು ನಿಂತಿದ್ದ. ಚಹಾ ಯಾವಾಗಲೋ ಆರಿಹೋಗಿತ್ತು. ಅರ್ಧ ಅವನ ಕೈಮೇಲೆ ಚೆಲ್ಲಿತ್ತು. ನಾನು ತೆಗೆದುಕೊಂಡು ಕುಡಿದೆ. ಮುಚ್ಚಳ ವಾಪಸ್ ಕೊಟ್ಟಾಗ ಅವನು ಕೇಳಿದ.

"ನಿನ್ನನ್ನ ನೋಡ್ತಿದ್ನಾ?"

"ಇಲ್ಲ ಕಣೋ" ಎಂದೆ. "ಮೇಲೆ ನೋಡ್ತಿದ್ದ. ಕಾಗೆ ಬೀಳುತ್ತೆ ಅಂತ."

ಕ್ಲೆಮ್ ತಲೆಯಾಡಿಸಿದ. ಗಾಡಿಯ ಹಿಂದೆ ಗೋಣಿಯ ಕೆಳಗೆ ಮುಚ್ಚಿಟ್ಟಿದ್ದ ಎರಡು ಗುದ್ದಲಿ ತೆಗೆದು, ಒಂದನ್ನು ನನ್ನ ಕೈಗೆ ಕೊಟ್ಟ. ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ಎರಡು ಗುದ್ದಲಿ ಹಾಕಿಕೊಂಡು ಬಂದಿದ್ದ.